ಶಿವಡಿಯ ಕೆಸರಿನಲ್ಲಿ ವಸಂತದ ಒಂದು ದಿನ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ವಾಚನಾಲಯದ ಸ್ವಯಂಸೇವಕರಾದ ನಾವು ಏಳು ಮಂದಿ ಮುಂಬಯಿಯ ಶಿವಡಿ ದಕ್ಕೆಗೆ ಹೋಗಿ ಹಕ್ಕಿಗಳನ್ನು ನೋಡಿ ಬಂದೆವು. ಖರ್ಚು ರೈಲಿನ ಟಿಕೆಟು ಮಾತ್ರ. ಹಾರ್ಬರ್ ಲೈನಿನ ಶಿವಡಿ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಮುದ್ರ. ಆದರೆ ಮುಹೂರ್ತ ನೋಡಿದಂತೆ ಉಬ್ಬರದ ವೇಳೆಯನ್ನು ನೋಡಿಕೊಂಡೇ ಹೊರಡಬೇಕು. ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿಗೆ ಹೋಗಿಬಿಡುತ್ತವೆ. ನೀರು ಏರಿದಂತೆ ದಡದತ್ತ ಸರಿಯುತ್ತವೆ.

ಮೊದಲು ಕಂಡವು ರಾಜಹಂಸಗಳು. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು, ಜರಡಿ ಹಿಡಿದಂತೆ ಸೋಸಿ, ಪಾಚಿಯನ್ನೂ ಸಣ್ಣ ಜೀವಿಗಳನ್ನೂ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣವೂ ಈ ಆಹಾರದಿಂದಲೇ ಬಂದದ್ದು. ಕಂದುತಲೆಯ ಕಡಲಹಕ್ಕಿಗಳ ತಲೆ ಚಳಿಗಾಲದಲ್ಲಿ ಬಿಳಿ. ಯುಗಾದಿಯ ಸುಮಾರಿಗೆ ಹೊಸ ಬಟ್ಟೆ ಉಟ್ಟಂತೆ ಕಂದು ಟೋಪಿ ಬರುತ್ತದೆ. ಲಡಾಖ್, ಟಿಬೆಟ್ಟುಗಳ ಕಡೆ ಮರಿಮಾಡಲು ಹೊರಡುವ ಸಿದ್ಧತೆ ಅದು. ಗಾಡ್ವಿಟ್ ಎಂಬ ಉದ್ದ ಕೊಕ್ಕಿನ ಹಕ್ಕಿಗಳ ಕತ್ತೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಸಾವಿರಾರು ಮೈಲಿ ಹಾರುವ ಇವುಗಳಿಗೆ ಮೈಯಲ್ಲಿ ಕೊಬ್ಬು ಕೂಡಿರಬೇಕು. ಆ ದಾರಿಯ ಬುತ್ತಿಯನ್ನು ಕಟ್ಟಿಕೊಡುವುದು ಈ ನಾರುವ ಕೆಸರೇ.

ಮಹನೀಯರೇ, ಸಮುದ್ರವನ್ನು ತುಂಬಿ ತುಂಬಿ ಬೆಳೆದ ಊರು ನಮ್ಮದು. ಕೆಸರನ್ನು ಕಂಡರೆ ಹಾಳುಭೂಮಿ ಎನ್ನುವುದು ರೂಢಿ. 2015ರಲ್ಲಿ ಠಾಣೆ ಖಾರಿಯ ಸುಮಾರು 1,690 ಹೆಕ್ಟೇರನ್ನು ರಾಜಹಂಸಗಳ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಅಭಯಾರಣ್ಯ ಇರುವುದು ಐರೋಲಿ ಮತ್ತು ವಾಶಿ ಸೇತುವೆಗಳ ನಡುವೆ. ಶಿವಡಿ ಅದರ ಹೊರಗೆ. 2024ರಲ್ಲಿ ತೆರೆದ ಸುಮಾರು 22 ಕಿಲೋಮೀಟರಿನ ಅಟಲ್ ಸೇತು ಶಿವಡಿಯಿಂದಲೇ ಹೊರಡುತ್ತದೆ. ಹಕ್ಕಿಗೆ ನಮ್ಮ ಗಡಿಗಳು ತಿಳಿಯವು. ಒಂದು ಕಡೆ ನೀರೇರಿದರೆ ಇನ್ನೊಂದು ಕಡೆ ಕಾಲೂರಲು ಅದಕ್ಕೆ ನೆಲ ಬೇಕು.

ನಾವೇನು ಮಾಡಬಲ್ಲೆವು? ಗಿರಣಿಯಲ್ಲಿ ಲೆಕ್ಕ ಬರೆಯುವವರು ನಾವು. ಇಲ್ಲಿಯೂ ಲೆಕ್ಕ ಬರೆಯೋಣ. ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ನೋಟುಪುಸ್ತಕ ಇಟ್ಟಿದ್ದೇವೆ. ಹೋದವರು ತಾರೀಕು, ಉಬ್ಬರದ ವೇಳೆ, ಕಂಡ ಹಕ್ಕಿ, ಅಂದಾಜು ಸಂಖ್ಯೆ ಬರೆಯಬೇಕು. ಹೆಸರು ತಿಳಿಯದಿದ್ದರೆ ಬಣ್ಣ, ಕೊಕ್ಕು, ಕಾಲು ಬರೆದರೂ ಸಾಕು. ನಾಳೆ ಯಾರಾದರೂ ಇಲ್ಲಿ ಏನೂ ಇಲ್ಲವೆಂದು ಮಣ್ಣು ಸುರಿಯಲು ಬಂದರೆ, ಇದೆ ಎನ್ನಲು ನಮ್ಮ ಕೈಯಲ್ಲಿ ವರುಷ ವರುಷದ ಬರಹ ಇರಲಿ.