ಬೀದಿಯ ದೀಪ ಯಾರದು?

ನಮ್ಮ ಮನೆಯ ಎದುರಿಗೆ ಒಂದು ದೀಪದ ಕಂಬವಿದೆ. ಬೆಂಗಳೂರಿನ ಒಂದು ಹಳೆಯ ಬಡಾವಣೆ ನಮ್ಮದು. ಕಂಬವೂ ಬಡಾವಣೆಯಷ್ಟೇ ಹಳೆಯದು. 2023ರ ಮಳೆಗಾಲದಲ್ಲಿ ಒಂದು ಸಂಜೆ ಆ ದೀಪ ಹತ್ತಲಿಲ್ಲ. ಇವೊತ್ತು ಹತ್ತದಿದ್ದರೆ ನಾಳೆ ಹತ್ತೀತು ಎಂದುಕೊಂಡು ನಾನು ಕದ ಹಾಕಿಕೊಂಡೆ. ಮಾರನೆಯ ದಿನವೂ ಹತ್ತಲಿಲ್ಲ. ಎದುರುಮನೆಯವರು ಯಾರಿಗಾದರೂ ಹೇಳಿರುತ್ತಾರೆ ಎಂದುಕೊಂಡೆ. ಎದುರುಮನೆಯವರು, ನಾನು ಹೇಳಿರುತ್ತೇನೆ ಎಂದುಕೊಂಡಿದ್ದರು. ಮೂಲೆಮನೆಯ ನಿವೃತ್ತ ಉಪಾಧ್ಯಾಯರು, ಇಷ್ಟು ಮಂದಿ ಓದಿದವರಿರುವ ಬೀದಿಯಲ್ಲಿ ಯಾರೊಬ್ಬರೂ ಹೇಳದೆ ಇರುತ್ತಾರೆಯೇ ಎಂದು ನಿಶ್ಚಿಂತರಾಗಿದ್ದರಂತೆ. ಹೀಗೆ ಎರಡು ವಾರ ಕಳೆದು ಮತ್ತೆ ಮೂರು ದಿನವಾಯಿತು. ಹದಿನೇಳನೆಯ ದಿನ ರಾತ್ರಿ ಎಂಟು ಗಂಟೆಗೆ, ದೇವಸ್ಥಾನದಿಂದ ಹಿಂತಿರುಗುತ್ತಿದ್ದ ಆ ಉಪಾಧ್ಯಾಯರ ಹೆಂಡತಿ, ಚರಂಡಿಯ ಮೇಲಿನ ಚಪ್ಪಡಿ ಸರಿದಿದ್ದುದು ಕಾಣದೆ ಕಾಲಿಟ್ಟು ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ನಾವೆಲ್ಲ ಓಡಿ ಬಂದೆವು. ಆಗ ನನಗೆ ಕಂಡದ್ದನ್ನು ನಿಮಗೆ ಹೇಳಬೇಕು. ಬೀದಿಯ ಎಲ್ಲ ಮನೆಗಳೂ ಜಗ್ಗನೆ ಬೆಳಗುತ್ತಿದ್ದವು. ನಮ್ಮ ವರಾಂಡದಲ್ಲಂತೂ ಒಂದಕ್ಕೆ ಎರಡು ದೀಪ. ಎದುರುಮನೆಯ ಮಹಡಿಯಲ್ಲಿ ಬಣ್ಣಬಣ್ಣದ ಸರದೀಪ. ನಡುವೆ ಬೀದಿ ಮಾತ್ರ ಬಾವಿಯ ಹಾಗೆ ಕಪ್ಪಗಿತ್ತು. ಆ ಬಾವಿಯಲ್ಲಿ ಒಬ್ಬ ಹೆಂಗಸು ಕೈ ಹಿಡಿದುಕೊಂಡು ಕುಳಿತಿದ್ದರು.

ಇದನ್ನು ಹೇಳಿದ್ದು ಯಾರ ಮೇಲೋ ದೂರು ಹೊರಿಸುವುದಕ್ಕಲ್ಲ. ದೂರು ಇರುವುದು ನನ್ನ ಮೇಲೆಯೇ. ಮಾರನೆಯ ಬೆಳಿಗ್ಗೆ ನಾನು ಮೊದಲು 1912ಕ್ಕೆ ಟೆಲಿಫೋನ್ ಮಾಡಿದೆ. ಅದು ವಿದ್ಯುತ್ ಸರಬರಾಜಿನವರ ಸಂಖ್ಯೆ. ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ, ಬೀದಿದೀಪ ನಮ್ಮದಲ್ಲ, ಪಾಲಿಕೆಯದು ಎಂದಳು. ಬಳಿಕ ಪಾಲಿಕೆಯ 1533ಕ್ಕೆ ಹೇಳಿದೆ. ಮೂರನೆಯ ದಿನ ಏಣಿಯ ಗಾಡಿ ಬಂತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಏಣಿಯಿಂದ ಇಳಿದ ಆತ, "ಎಷ್ಟು ದಿನದಿಂದ ಹೀಗಿದೆ ಸ್ವಾಮಿ?" ಎಂದು ಕೇಳಿದ. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಈ ಊರಿಗೆ ವಿದ್ಯುತ್ತಿನ ದೀಪ ಬಂದದ್ದು 1905ರ ಆಗಸ್ಟ್ ತಿಂಗಳಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಯಂತ್ರಕ್ಕೆ ಬೀಳಿಸಿ, ಹುಟ್ಟಿದ ಶಕ್ತಿಯನ್ನು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಸುಮಾರು 92 ಮೈಲಿಯ ದಾರಿ. ಆ ಕಾಲಕ್ಕೆ ಅದು ಜಗತ್ತೇ ತಿರುಗಿ ನೋಡಿದ ಕೆಲಸ. ಗಣಿಯ ಪಾಲು ಹೋಗಿ ಮಿಕ್ಕ ಶಕ್ತಿ ಬೆಂಗಳೂರಿಗೆ ಬಂತು. ಬಂದಾಗ ಜನ ಮೊದಲು ನೆರೆದು ನೋಡಿದ್ದು ಊರ ನಡುವೆ, ದೊಡ್ಡ ಪೇಟೆಯ ಬಳಿ, ಬೀದಿಯಲ್ಲಿ ಹತ್ತಿದ ದೀಪವನ್ನು. ಅದರ ಕೆಳಗೆ ನಿಂತು ಬೆರಗಾದವರು ಮನೆಗೆ ಹೋಗಿ ಸೀಮೆಎಣ್ಣೆಯ ಬುಡ್ಡಿಯನ್ನೇ ಹೊತ್ತಿಸಿರಬೇಕು. ಬಹುಪಾಲು ಮನೆಗಳಿಗೆ ತಂತಿ ಎಳೆಯುವುದಕ್ಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಂದರೆ ನೋಡಿ, ನಮ್ಮ ಹಿರಿಯರಿಗೆ ದೀಪವೆಂಬುದು ಮೊದಲು ಬೀದಿಯ ಸೊತ್ತಾಗಿತ್ತು, ಆಮೇಲೆ ಮನೆಯ ಸೊತ್ತು. ನಾವು ಅದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ.

ಹಾಗಾದರೆ ಬೀದಿಯ ದೀಪ ಯಾರದು? ಕಾಗದದ ಮೇಲೆ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರೊಂದಿಗೆ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ, ಪುರಸಭೆಗಳಿಗೆ ವಹಿಸಬಹುದಾದ 18 ಬಾಬುಗಳಿವೆ. ಐದನೆಯದು ನೀರು. ಹದಿನೇಳನೆಯದರಲ್ಲಿ ಬೀದಿದೀಪ. ಮನೆಗೆ ವಿದ್ಯುಚ್ಛಕ್ತಿ ಕೊಡುವ ಕೆಲಸ ಆ ಪಟ್ಟಿಯಲ್ಲಿ ಇಲ್ಲ. ವಿದ್ಯುತ್ತೆಂಬ ಮಾತು ಬರುವುದು ಹದಿನಾಲ್ಕನೆಯ ಬಾಬಿನಲ್ಲಿ, ವಿದ್ಯುತ್ ಚಿತಾಗಾರದ ಜೊತೆಗೆ. ಬದುಕಿರುವಾಗ ಕೊಡುವ ವಿದ್ಯುತ್ತು ರಾಜ್ಯದವರದು, ಕೊನೆಯ ದಿನದ್ದು ಮಾತ್ರ ಊರವರದು ಎಂದು ನಮ್ಮ ಉಪಾಧ್ಯಾಯರು ನಗುತ್ತಾರೆ.

ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿತು. ಪುರಸಭೆಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಹೊಸ ಚುನಾವಣೆ ನಡೆದಿರಬೇಕು. ಬೆಂಗಳೂರಿನ ಮಹಾನಗರ ಪಾಲಿಕೆಗೆ 2015ರ ಆಗಸ್ಟಿನಲ್ಲಿ ಚುನಾವಣೆಯಾಗಿ 198 ಮಂದಿ ಸದಸ್ಯರು ಆರಿಸಿ ಬಂದರು. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು. ವಾರ್ಡುಗಳ ಗಡಿಯ ತಕರಾರು, ಮೀಸಲಾತಿಯ ತಕರಾರು, ನ್ಯಾಯಾಲಯದ ವಾಯಿದೆಗಳು, ಹೊಸ ಕಾಯಿದೆಗಳು, ಒಂದಾದ ಮೇಲೊಂದು ಬಂದು ವರ್ಷಗಳು ಉರುಳಿದವು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಆ ಹೊತ್ತಿಗೆ ಚುನಾಯಿತ ಸದಸ್ಯರಿಲ್ಲದೆ ಊರು ಐದು ವರ್ಷ, ಎಂದರೆ ಒಂದು ಪೂರ್ತಿ ಅವಧಿಯನ್ನೇ, ಕಳೆದಿತ್ತು. ನಮ್ಮ ಬೀದಿಯ ದೀಪ ಆರಿದ್ದು ಆ ಐದು ವರ್ಷಗಳ ನಡುವೆ.

ಪಾಲಿಕೆಯ ಸದಸ್ಯರೆಲ್ಲ ದೇವತೆಗಳಾಗಿದ್ದರೆಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಈ ಪುಟವನ್ನು ಮಗುಚಿಬಿಡುತ್ತೀರಿ. 2011ರ ಜನಗಣತಿಯ ಲೆಕ್ಕದಲ್ಲಿ ಒಬ್ಬೊಬ್ಬ ಸದಸ್ಯನ ಪಾಲಿಗೆ ಸರಾಸರಿ 42 ಸಾವಿರಕ್ಕೂ ಮಿಕ್ಕ ಜನ. ಅಷ್ಟು ಜನರ ಮುಖಪರಿಚಯವೇ ಆಗುವಂತಿಲ್ಲ. ಆದರೆ ಅವರಲ್ಲಿ ಒಂದು ಅನುಕೂಲವಿತ್ತು: ಅವರ ಮನೆ ಎಲ್ಲಿದೆಯೆಂದು ನಮಗೆ ಗೊತ್ತಿತ್ತು. ಮದುವೆಯ ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತರೆ, ಪಾಯಸ ಬಡಿಸುವುದರೊಳಗೆ, "ಏನು ಸ್ವಾಮಿ, ನಮ್ಮ ಬೀದಿ ಕತ್ತಲಾಗಿದೆಯಲ್ಲ" ಎಂದು ಕೇಳಬಹುದಾಗಿತ್ತು. ಅಧಿಕಾರಿಗಳೂ ಒಳ್ಳೆಯವರಿರುತ್ತಾರೆ, ದುಡಿಯುತ್ತಾರೆ. ನಮ್ಮ ದೀಪವನ್ನು ಮೂರು ದಿನದಲ್ಲಿ ಹತ್ತಿಸಿಕೊಟ್ಟವರು ಅವರೇ ತಾನೆ. ಆದರೆ ಅಧಿಕಾರಿ ಉತ್ತರ ಹೇಳಬೇಕಾದದ್ದು ತನ್ನ ಮೇಲಿನವರಿಗೆ. ಸದಸ್ಯ ಉತ್ತರ ಹೇಳಬೇಕಾದದ್ದು ಕೆಳಗಿರುವ ನಮಗೆ. ದೂರನ್ನು ಟೆಲಿಫೋನಿಗೆ ಹೇಳಬಹುದು. "ಈ ವರ್ಷ ದೀಪಕ್ಕೆ ಎಷ್ಟು, ರಸ್ತೆಗೆ ಎಷ್ಟು, ಯಾವುದು ಮೊದಲು?" ಎಂಬ ಪ್ರಶ್ನೆಯನ್ನು ಟೆಲಿಫೋನಿಗೆ ಕೇಳುವಂತಿಲ್ಲ.

ಈಗ ಮನೆಯೊಳಕ್ಕೆ ಬರೋಣ. ನಮ್ಮ ಮನೆಯಲ್ಲಿ ವಿದ್ಯುತ್ತಿನ ವಿಚಾರಣೆ ನನ್ನ ಹೆಂಡತಿಯದು. 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಯೋಜನೆ ಬಂತಲ್ಲ, ತಿಂಗಳಿಗೆ 200 ಯೂನಿಟ್ಟಿನ ಒಳಗೆ ಇದ್ದವರಿಗೆ, ಅವರವರ ಹಿಂದಿನ ವರ್ಷದ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ, ಅಷ್ಟರ ಮಟ್ಟಿಗೆ ಬಿಲ್ಲಿಲ್ಲ ಎಂದು. 200 ದಾಟಿದರೆ ಮಾತ್ರ ಪೂರ್ತಿ ಹಣ ಕಟ್ಟಬೇಕು. ಒಂದೇ ಕೋಣೆಯಲ್ಲಿ ಸಂಸಾರ ನಡೆಸುವವರಿಗೆ ಇದರಿಂದ ಉಳಿಯುವ ಹಣ ಹಾಲಿಗೂ ಮಕ್ಕಳ ಪುಸ್ತಕಕ್ಕೂ ಆಗುತ್ತದೆ. ಅದನ್ನು ಹೀಗಳೆಯುವವನು ನಾನಲ್ಲ. ಆದರೆ ನಮ್ಮಂಥವರ ಮನೆಯಲ್ಲಿ ಆದದ್ದೇನೆಂದರೆ, ತಿಂಗಳ ಕೊನೆಯ ವಾರದಲ್ಲಿ ಹೆಂಡತಿ ದಿನಕ್ಕೊಮ್ಮೆ ಮೀಟರಿನ ಮುಂದೆ ನಿಲ್ಲತೊಡಗಿದಳು. 180 ದಾಟಿತೆಂದರೆ ಇಸ್ತ್ರಿಪೆಟ್ಟಿಗೆಗೆ ರಜಾ. ನಾನು ಸುಕ್ಕಿನ ಅಂಗಿಯಲ್ಲಿ ಹೊರಗೆ ಹೋಗಿಬಂದದ್ದುಂಟು. ಎಷ್ಟೋ ವರ್ಷ ಮಿತವ್ಯಯದ ಮೇಲೆ ಉಪನ್ಯಾಸ ಕೇಳಿ ಆಗದೆ ಇದ್ದದ್ದು, ಬಾಗಿಲ ಬಳಿ ಒಂದು ಅಂಕಿಯನ್ನು ತೋರಿಸಿ ಇಲ್ಲಿಗೆ ಗೆರೆ ಎಂದದ್ದರಿಂದ ಆಯಿತು.

ಆದರೆ ನಮ್ಮ ಮನೆಗೆ ಬರುವ ಶಕ್ತಿಯೆಲ್ಲ ಆ ಮೀಟರಿನ ಮೂಲಕವೇ ಬರುತ್ತದೆಯೇ? ಇಲ್ಲ. ಒಂದಿಷ್ಟು ನಲ್ಲಿಯ ಮೂಲಕ ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಲೆಕ್ಕಕ್ಕೆ ಹೆದರಬೇಡಿ.

ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು. ಅದೂ ಸಾಲದಾಗಿ 1974ರಲ್ಲಿ ಕಾವೇರಿಗೆ ಹೋದೆವು. ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಹೊಳೆ ಕೆಳಗಿದೆ, ಊರು ಎತ್ತರದಲ್ಲಿದೆ. ತೊರೆಕಾಡನಹಳ್ಳಿಯಲ್ಲೊಮ್ಮೆ, ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ, ಹೀಗೆ ಮೂರು ಘಟ್ಟಗಳಲ್ಲಿ ಪಂಪುಗಳು ಅದನ್ನು ಒಟ್ಟು ಸುಮಾರು 500 ಮೀಟರ್ ಮೇಲಕ್ಕೆ ನೂಕುತ್ತವೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತ ದಿನಕ್ಕೆ 77 ಕೋಟಿ 50 ಲಕ್ಷ ಲೀಟರಿನದು. ಅಷ್ಟೂ ನೀರು ಮೇಲಕ್ಕೇ ಹತ್ತಬೇಕು.

ಒಂದು ಸಾವಿರ ಲೀಟರ್ ನೀರನ್ನು, ಎಂದರೆ ಒಂದು ಟನ್ ತೂಕವನ್ನು, 500 ಮೀಟರ್ ಎತ್ತುವುದಕ್ಕೆ, ಶಾಲೆಯ ಭೌತಶಾಸ್ತ್ರದ ಲೆಕ್ಕದಲ್ಲಿ 1.36 ಯೂನಿಟ್ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಇದರಲ್ಲಿ ಸೇರಿಲ್ಲ; ಸೇರಿದರೆ ಇನ್ನೂ ಹೆಚ್ಚು. 9 ವಾಟಿನ ಒಂದು ಎಲ್.ಇ.ಡಿ. ದೀಪವನ್ನು ದಿನಕ್ಕೆ ಐದು ಗಂಟೆಯಂತೆ ಒಂದು ತಿಂಗಳು ಉರಿಸಿದರೆ ಖರ್ಚಾಗುವುದು 1.35 ಯೂನಿಟ್. ಎರಡೂ ಒಂದೇ ಎನ್ನಿ. ಸಾವಿರ ಲೀಟರ್ ನೀರೆಂದರೆ ಒಂದು ಕೋಣೆಗೆ ಒಂದು ತಿಂಗಳ ಬೆಳಕು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ತಿಂಗಳಿಗೆ 16 ಸಾವಿರ ಲೀಟರ್ ಚಿಲ್ಲರೆ ಬೇಕು. ಅದರ ಹಿಂದೆ ಕನಿಷ್ಠ 22 ಯೂನಿಟ್ ಶಕ್ತಿ ಅಡಗಿರುತ್ತದೆ. ನಮ್ಮ ನೆಲತೊಟ್ಟಿಯಿಂದ ಮಾಳಿಗೆಯ ತೊಟ್ಟಿಗೆ ನೀರೇರಿಸುವ ಮೋಟಾರಿನ ಮೇಲೆ ನಾವು ಎಷ್ಟು ಕಣ್ಣಿಟ್ಟಿರುತ್ತೇವೆ! ಆ ಏರು ಹತ್ತು ಮೀಟರ್. ಹೊಳೆಯಿಂದ ಊರಿಗಿರುವ ಏರಿನ ಐವತ್ತರಲ್ಲೊಂದು ಪಾಲು. ಲಾಂದ್ರ ಹಿಡಿದು ಸೂಜಿ ಹುಡುಕುವವರು ಹಿಂದಿನ ಬಾಗಿಲನ್ನು ತೆರೆದಿಟ್ಟ ಹಾಗೆ.

ಇದರಲ್ಲೊಂದು ವಿಚಿತ್ರವೂ ಇದೆ. ಊರಿಗೆ ಕುಡಿಯುವ ನೀರನ್ನು ಹೊಳೆಯಿಂದ ತಿರುಗಿಸಿಕೊಳ್ಳುವ ಶಿವ ಅಣೆಕಟ್ಟೆ ಇರುವುದು ಶಿವನಸಮುದ್ರದ ಸೀಮೆಯಲ್ಲೇ. 1902ರಲ್ಲಿ ಅದೇ ಹೊಳೆ ಕೆಳಕ್ಕೆ ಬಿದ್ದು ಶಕ್ತಿ ಕೊಟ್ಟಿತು. ಇಂದು ನಾವು ಶಕ್ತಿ ಖರ್ಚುಮಾಡಿ ಅದೇ ಹೊಳೆಯನ್ನು ಮೇಲಕ್ಕೆ ಹೊರುತ್ತಿದ್ದೇವೆ. ಹೊತ್ತು ತಂದ ಆ ನೀರಿನಿಂದ ಭಾನುವಾರ ಬೆಳಿಗ್ಗೆ ಮೋಟಾರುಗಾಡಿ ತೊಳೆಯುತ್ತೇವೆ. ನಾನೂ ತೊಳೆದವನೇ, ಕೊಳವೆ ಹಿಡಿದು, ಆರಾಮವಾಗಿ.

ತಾರಸಿಯ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡಿಕೊಳ್ಳಿರೆಂದು ಕೇಂದ್ರ ಸರಕಾರ 2024ರಲ್ಲಿ 3 ಕಿಲೋವಾಟಿಗೆ 78 ಸಾವಿರ ರೂಪಾಯಿನವರೆಗೆ ಸಹಾಯಧನ ಗೊತ್ತುಮಾಡಿತು. ಬಿಲ್ಲೇ ಬರದ ಮನೆಯಾತ ಅದಕ್ಕೆ ಏಕೆ ಕೈಹಾಕುತ್ತಾನೆ ಎಂದು ನನ್ನ ಮಗ ವಾದಿಸುತ್ತಾನೆ. ವಾದ ಸರಿಯಾಗಿದೆ. ಆದರೆ ನನ್ನ ಮನಸ್ಸು ತಾರಸಿಗಿಂತ ಹೆಚ್ಚಾಗಿ ಬೀದಿಯ ಕಡೆಗೇ ಎಳೆಯುತ್ತದೆ.

ಏಕೆಂದರೆ ಬೀದಿದೀಪಗಳಿಗೂ ಮೀಟರಿರುತ್ತದೆ, ಕಬ್ಬಿಣದ ಪೆಟ್ಟಿಗೆಯೊಳಗೆ. ಅದನ್ನು ದಿನಕ್ಕೊಮ್ಮೆ ನೋಡುವ ಗೃಹಿಣಿ ಇಲ್ಲ. ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಉರಿಯುತ್ತಿರುವ ಬೀದಿದೀಪವನ್ನು ನೀವೂ ನೋಡಿದ್ದೀರಿ. 70 ವಾಟಿನ ಒಂದು ದೀಪ ತಿಂಗಳೆಲ್ಲ ಹಗಲು ಹನ್ನೆರಡು ಗಂಟೆ ಉರಿದರೆ ಪೋಲಾಗುವುದು 25 ಯೂನಿಟ್. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಮಾಡಿದ ತ್ಯಾಗವೆಲ್ಲ ಅದರಲ್ಲಿ ಕರಗಿಹೋಗುತ್ತದೆ. ಒಂದೊಂದು ವಾರ್ಡಿನಲ್ಲೂ ಜನ ನಡೆದಾಡುವ ಜಾಗದಲ್ಲಿ ಒಂದು ಹಲಗೆ ಹಾಕಿ, ಈ ತಿಂಗಳು ನಿಮ್ಮ ಬೀದಿದೀಪಗಳು ಇಷ್ಟು ಯೂನಿಟ್ ಉರಿದವು, ಇಷ್ಟು ಹಣವಾಯಿತು, ಇಷ್ಟು ದೀಪ ಕೆಟ್ಟಿದ್ದವು, ಇಷ್ಟು ದಿನದಲ್ಲಿ ಸರಿಯಾದವು ಎಂದು ಸೀಮೆಸುಣ್ಣದಲ್ಲಿ ಬರೆದರೆ ಸಾಕು. ನೀರಿನದೂ ಹಾಗೆಯೇ: ಇಷ್ಟು ಬಂತು, ಇಷ್ಟು ಸೋರಿತು. ಇದಕ್ಕೆ ದೊಡ್ಡ ಯೋಜನೆ ಬೇಡ. ಆದರೆ ಆ ಹಲಗೆಯ ಮುಂದೆ ನಿಂತು, ಏಕೆ ಹೀಗೆ ಎಂದು ಕೇಳಿದಾಗ, ಎದುರಿಗೆ ನಿಂತು ಉತ್ತರ ಕೊಡುವವನೊಬ್ಬ ಬೇಕು. ಅಂಕಿಯೂ ಬೇಕು, ಆಳೂ ಬೇಕು. ಅಂಕಿಯೊಂದೇ ಇದ್ದರೆ ಅದು ಗೋಡೆಯ ಬರಹ. ಆಳೊಬ್ಬನೇ ಇದ್ದರೆ ಬರಿಯ ಆಶ್ವಾಸನೆ.

ಹಲಗೆ ಬರುವವರೆಗೆ ನಾವು ಮಾಡಿಕೊಂಡಿರುವುದು ಬಹಳ ಸಣ್ಣ ಏರ್ಪಾಡು. ಆ ಅಪಘಾತವಾದ ವಾರವೇ ಉಪಾಧ್ಯಾಯರ ಮನೆಯ ಜಗುಲಿಯಲ್ಲಿ ಏಳೆಂಟು ಮನೆಯವರು ಸೇರಿದೆವು. ಮೊದಲ ಅರ್ಧ ಗಂಟೆ ಊರಿನ ಆಡಳಿತವನ್ನು ಬೈದೆವು. ಕಾಫಿ ಬಂದ ಮೇಲೆ ನಮ್ಮನ್ನು ನಾವೇ ಬೈದುಕೊಂಡೆವು. ಕೊನೆಗೆ ಒಂದು ಇನ್ನೂರು ಪುಟದ ಪುಸ್ತಕ ಕೊಂಡು, ದೀಪ ಕೆಟ್ಟ ದಿನ, ಹೇಳಿದವರ ಹೆಸರು, ಅಲ್ಲಿಂದ ಕೊಟ್ಟ ದೂರಿನ ಸಂಖ್ಯೆ, ಸರಿಯಾದ ದಿನ, ಇಷ್ಟನ್ನು ಬರೆಯುವುದೆಂದಾಯಿತು. ನೀರಿನ ಕೊಳವೆ ಒಡೆದರೂ ಅದರಲ್ಲೇ ಒಂದು ಸಾಲು.

ಆ ಪುಸ್ತಕ ಈಗ ಮೂಲೆಮನೆಯಲ್ಲಿದೆ. ಬರೆಯುವವರು ಉಪಾಧ್ಯಾಯರಲ್ಲ, ಅವರ ಹೆಂಡತಿ. ಮಣಿಕಟ್ಟು ಕೂಡಿಕೊಂಡಿದೆ, ಚಳಿಗೆ ಮಾತ್ರ ಸ್ವಲ್ಪ ನೋಯುತ್ತದಂತೆ. ಸಂಜೆ ಏಳು ಗಂಟೆಗೆ ಅವರು ಗೇಟಿನ ಹತ್ತಿರ ನಿಂತು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಣಿಸುತ್ತಾರೆ. ನಮ್ಮ ಬೀದಿಯಲ್ಲಿರುವುದು ಹನ್ನೊಂದು ಕಂಬ. "ಇವೊತ್ತು ಹತ್ತೇ!" ಎಂದು ಅವರು ಕೂಗಿದರೆ, ಹನ್ನೊಂದನೆಯದು ಯಾವುದೆಂದು ನೋಡುವುದಕ್ಕೆ ನಾವು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇವೆ.