ಫೋನಿನಲ್ಲಿ ಬಂದ ಆಸರೆ: ಊರು ಬಿಟ್ಟವರು ಮಕ್ಕಳನ್ನು ಸಾಕಿದ ಕಥೆ

ಯುದ್ಧವೋ ಬರವೋ ಒಂದು ಸಂಸಾರವನ್ನು ಊರಿನಿಂದ ಎಬ್ಬಿಸಿತು ಅನ್ನಿ. ಹೊಸ ಜಾಗದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯಲೇಬೇಕು. ಜೊತೆಗೆ ಅಜ್ಜಿಯಿಲ್ಲ, ಅತ್ತೆಯಿಲ್ಲ. ಅಕ್ಕಪಕ್ಕದವರ ಭಾಷೆ ಬಾರದು. ಮಗು ನಡುರಾತ್ರಿ ಬೆಚ್ಚಿ ಎದ್ದು ಅಳುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ. ಚೆನ್ನಾಗಿ ಮಾತಾಡುತ್ತಿದ್ದ ಕೂಸು ಈಗ ಬಾಯಿ ಬಿಡುತ್ತಿಲ್ಲ. ಆ ತಾಯಿ ಯಾರನ್ನು ಹೋಗಿ ಕೇಳಬೇಕು?

ಇವತ್ತು ಒಂದು ನಂಬರ್ ಒತ್ತಿದರೆ ಅವಳ ಭಾಷೆಯಲ್ಲೇ ಮಾತಾಡುವವರು ಸಿಗಬಹುದು. ವಾಟ್ಸ್ಆ್ಯಪ್‌ನಲ್ಲಿ ಒಂದು ಧ್ವನಿ ಸಂದೇಶ ಬರಬಹುದು. ಆದರೆ ಇಷ್ಟು ದೂರ ಬರಲು ಸುಮಾರು 80 ವರ್ಷ ಹಿಡಿಯಿತು. ಮೊಬೈಲ್ ಇರಲಿಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ನಿರಾಶ್ರಿತರ ಮಕ್ಕಳಿಗೆ ನೆರವು ಅಂದರೆ, ಮಗುವನ್ನು ಹೆತ್ತವರಿಂದ ಬಿಡಿಸಿ ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗುವುದು ಎಂದೇ ಲೋಕ ಬಹಳ ಕಾಲ ನಂಬಿತ್ತು. ಮಗುವನ್ನು ತಾಯಿಯ ಮಡಿಲಲ್ಲೇ ಬಿಟ್ಟು, ಆ ತಾಯಿಗೆ ಬಲ ಕೊಡಬೇಕು ಅನ್ನುವ ತಿಳಿವಳಿಕೆ ತಡವಾಗಿ ಬಂತು. ಈ ಬದಲಾವಣೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಚಿಂತಾಮಣಿಯಿಂದ ಸುಮಾರು 300 ಕಿಲೋಮೀಟರ್ ದೂರದ ಬೈಲುಕುಪ್ಪೆಯಲ್ಲಿ.

ಅಲ್ಲಿಗೆ ಹೋಗುವ ಮೊದಲು ಇಂಗ್ಲೆಂಡನ್ನು ಸ್ವಲ್ಪ ನೋಡಿಬರೋಣ. 1939ರ ಸೆಪ್ಟೆಂಬರ್. ಬಾಂಬ್ ಬೀಳುವ ಭಯಕ್ಕೆ ಲಂಡನ್ ಮತ್ತಿತರ ಪಟ್ಟಣಗಳಿಂದ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಕೊರಳಲ್ಲಿ ಹೆಸರಿನ ಚೀಟಿ, ಕೈಯಲ್ಲೊಂದು ಗಂಟು, ಅಪ್ಪ ಅಮ್ಮ ಜೊತೆಗಿಲ್ಲ. ಜೀವ ಉಳಿಸುವ ಉದ್ದೇಶವೇನೋ ಒಳ್ಳೆಯದೇ. ಆದರೆ ಮುಂದಿನ ವರ್ಷಗಳಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಯುದ್ಧಕಾಲದ ಶಿಶುವಿಹಾರಗಳನ್ನು ನಡೆಸುತ್ತಿದ್ದರು. ಅಲ್ಲಿನ ಮಕ್ಕಳನ್ನು ದಿನವೂ ಹತ್ತಿರದಿಂದ ಗಮನಿಸಿ ಅವರು ಬರೆದಿಟ್ಟ ವಿಷಯ ಆಗ ಎಲ್ಲರಿಗೂ ಆಶ್ಚರ್ಯ ತಂದಿತು: ಬಾಂಬಿನ ಸದ್ದಿಗಿಂತ ತಾಯಿಯಿಂದ ದೂರವಾದದ್ದೇ ಎಷ್ಟೋ ಎಳೆಯ ಮಕ್ಕಳನ್ನು ಹೆಚ್ಚು ಕುಗ್ಗಿಸಿತ್ತು. ಧೈರ್ಯವಾಗಿರುವ ತಾಯಿ ಪಕ್ಕದಲ್ಲಿದ್ದರೆ ಮಗು ಎಷ್ಟೋ ಭಯವನ್ನು ತಾಳಿಕೊಳ್ಳುತ್ತಿತ್ತು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಬರೆದ ವರದಿಯೂ ಇದನ್ನೇ ಬಲವಾಗಿ ಹೇಳಿತು.

ವಿಷಯ ತಿಳಿಯಿತು, ಸರಿ. ಆದರೆ ಕಷ್ಟ ಬಂದಾಗ ಅದನ್ನು ಪಾಲಿಸುವುದು ಸುಲಭವಿರಲಿಲ್ಲ.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80 ಸಾವಿರ ಟಿಬೆಟಿಯನ್ನರು ಹಿಮಾಲಯ ದಾಟಿದರು. ಉಟ್ಟ ಬಟ್ಟೆಯಲ್ಲಿ ಬಂದ ಅವರಿಗೆ ಸಿಕ್ಕಿದ್ದು ಗುಡ್ಡಗಾಡಿನಲ್ಲಿ ರಸ್ತೆ ಮಾಡುವ ಕೆಲಸ. ಅಪ್ಪ ಅಮ್ಮ ಕಲ್ಲು ಒಡೆಯುತ್ತಿದ್ದರೆ ಮಕ್ಕಳು ಅಲ್ಲೇ ಧೂಳಿನಲ್ಲಿ, ಗುಡಾರಗಳಲ್ಲಿ. ತಣ್ಣನೆಯ ಎತ್ತರದ ನಾಡಿನ ಮಕ್ಕಳಿಗೆ ಇಲ್ಲಿನ ಸೆಕೆ ಒಗ್ಗಲಿಲ್ಲ, ನೀರು ಒಗ್ಗಲಿಲ್ಲ. ಕಾಯಿಲೆ ಬಿದ್ದರು. ಅನೇಕರು ಸತ್ತರು. 1960ರ ಮೇ 17ರಂದು ಜಮ್ಮುವಿನ ರಸ್ತೆ ಕೆಲಸದ ಕ್ಯಾಂಪುಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಆ ಮಕ್ಕಳನ್ನು ನೋಡಿಕೊಳ್ಳಲು ಮುಂದೆ ಬಂದರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆತ್ಸುನ್ ಪೆಮಾ ಹೊಣೆ ಹೊತ್ತರು. ಹೀಗೆ ಶುರುವಾದ ಶಿಶುವಿಹಾರವೇ ಬೆಳೆದು ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಆಯಿತು. ಅದರ ಶಾಲೆ ಬೈಲುಕುಪ್ಪೆಯಲ್ಲೂ ಇದೆ. ಅಲ್ಲಿನ ಮನೆಗಳಲ್ಲಿ ಮಕ್ಕಳ ಗುಂಪಿಗೊಬ್ಬ ಸಾಕುತಾಯಿ. ಮಕ್ಕಳು ಆಕೆಯನ್ನು ಅಮಾ-ಲಾ ಎನ್ನುತ್ತಾರೆ.

ಮಗುವನ್ನು ಕಳಿಸಿಕೊಟ್ಟ ಆ ತಂದೆ ತಾಯಿಯರನ್ನು ತಪ್ಪು ಹಿಡಿಯುವ ಹಕ್ಕು ಯಾರಿಗೂ ಇಲ್ಲ. ಉಳಿಸಿಕೊಳ್ಳಲು ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ರಸ್ತೆ ಬದಿಯ ಗುಡಾರದಲ್ಲಿ ಉಳಿದ ಆ ತಾಯಿಗೂ ನೆರವು ಬೇಕಿತ್ತು ಅನ್ನುವುದನ್ನು ಮಾತ್ರ ನಾವು ಮರೆಯಬಾರದು.

ಈಗ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಬನ್ನಿ. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲುಕುಪ್ಪೆಯ ಹತ್ತಿರ ಸುಮಾರು 3000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ಮರ ಕಡಿದು ನೆಲ ಹಸನು ಮಾಡಬೇಕು, ಮುಸುಕಿನ ಜೋಳ ಬಿತ್ತಬೇಕು. ಬೆಳೆ ಬಂತು ಅನ್ನುವಾಗ ಆನೆಗಳು ನುಗ್ಗುತ್ತಿದ್ದವು. ಆದರೂ ಇಲ್ಲೊಂದು ದೊಡ್ಡ ವ್ಯತ್ಯಾಸವಿತ್ತು. ಇಲ್ಲಿ ಭೂಮಿ ಸಿಕ್ಕಿತು, ಮನೆ ಸಿಕ್ಕಿತು, ಮನೆಯ ಹತ್ತಿರವೇ ಶಾಲೆ ಬಂತು. ಟಿಬೆಟಿಯನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಸೊಸೈಟಿ ಮಾಡಿತ್ತು. ಸಂಜೆ ಮಗು ತಾಯಿಯ ಹತ್ತಿರಕ್ಕೇ ಬರುವ ಬದುಕು ಮತ್ತೆ ಸಾಧ್ಯವಾಯಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗೂ ಇಂಥ ನೆಲೆಗಳು ಬಂದವು. ಮಕ್ಕಳ ಪಾಲನೆಗೆ ಕರ್ನಾಟಕ ಕೊಟ್ಟ ಅತಿ ದೊಡ್ಡ ನೆರವು ಯಾವುದು ಎಂದು ಕೇಳಿದರೆ ನಾನು ಆ ಭೂಮಿಯನ್ನೇ ಹೇಳುತ್ತೇನೆ. ಸಲಹೆಯ ಮಾತು ಕಿವಿಗೆ ಬೀಳಬೇಕಾದರೆ ಮೊದಲು ಕಾಲ ಕೆಳಗೆ ನೆಲ ಬೇಕು.

ಹೀಗೆ ನೆಲೆ ಕಲ್ಪಿಸುವ ಕೆಲಸಕ್ಕಾಗಿಯೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಮೈಸೂರ್ ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ನಮಗೆಲ್ಲ ಗೊತ್ತಿರುವ ಮೈರಾಡ. ಟಿಬೆಟಿಯನ್ನರ ಪುನರ್ವಸತಿಗೆ ಶುರುವಾದ ಇದು 1980ರ ದಶಕದಲ್ಲಿ ನಮ್ಮ ಬಡ ಹಳ್ಳಿಗಳ ಕಡೆ ತಿರುಗಿತು. ಹತ್ತಿಪ್ಪತ್ತು ಮಂದಿ ಒಟ್ಟಿಗೆ ಕೂತು, ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಗುಂಪುಗಳನ್ನು ಬೆಳೆಸಿತು. ಇವತ್ತು ದೇಶದ ತುಂಬ ಇರುವ ಸ್ವಸಹಾಯ ಸಂಘಗಳ ಬೇರು ಹುಡುಕಿದರೆ ಒಂದು ಎಳೆ ಇಲ್ಲಿಗೆ ಬರುತ್ತದೆ. ವಾರಕ್ಕೊಮ್ಮೆ ಹೆಂಗಸರು ಕೂತರೆ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಮಾತು ಹೋಗುವುದು ಎಲ್ಲಿಗೆ? ಮಗುವಿನ ಜ್ವರಕ್ಕೆ, ಶಾಲೆಗೆ, ಕುಡಿಯುವ ಗಂಡನಿಗೆ. ಪಾಲಕರ ಗುಂಪು ಎಂದು ಯಾರೂ ಹೆಸರಿಡದಿದ್ದರೂ ಆ ಕೆಲಸ ಅಲ್ಲಿ ನಡೆಯುತ್ತಿತ್ತು.

ಇನ್ನೊಂದು ತಿರುವು ದೆಹಲಿಯಲ್ಲಿ. 1969ರಲ್ಲಿ ಗಾಂಧೀಜಿಯ ಜನ್ಮಶತಮಾನೋತ್ಸವಕ್ಕೆ ರಾಜ್‌ಘಾಟ್‌ ಬಳಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಕೂಲಿ ಹೆಂಗಸರ ಮಕ್ಕಳು ಮಣ್ಣಿನಲ್ಲಿ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಟೆಂಟು ಹಾಕಿಸಿ ಶಿಶುವಿಹಾರ ತೆರೆದರು. ಅದು ಮೊಬೈಲ್ ಕ್ರೆಶಸ್ ಸಂಸ್ಥೆಯ ಆರಂಭ. ಮಕ್ಕಳನ್ನು ಎಲ್ಲಿಗೂ ಸಾಗಿಸಲಿಲ್ಲ, ತಾಯಿ ಇದ್ದಲ್ಲಿಗೇ ನೆರವು ಬಂತು. ಕೆಲಸದ ನಡುವೆ ತಾಯಿ ಬಂದು ಮಗುವಿಗೆ ಹಾಲು ಕೊಡಬಹುದಿತ್ತು. ಕೊನೆಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು ಎಂದು ಬರೆಯಲಾಯಿತು. ಹತ್ತು ಹದಿನೈದು ಮಂದಿ ಹೆಂಗಸರಿರುವ ಕೆಲಸದ ಜಾಗಗಳು ಈ ಲೆಕ್ಕದಿಂದ ಹೊರಗೇ ಉಳಿದವು.

ಊರು ಬಿಟ್ಟು ಬಂದು, ದುಡಿಯುತ್ತಲೇ ಮಕ್ಕಳನ್ನು ಸಾಕುವ ಇನ್ನೊಂದು ಸಮುದಾಯ ಸುಳ್ಯ, ಪುತ್ತೂರಿನ ಕಡೆ ಇದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಅಲ್ಲಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ನಿಂತವು. ರಬ್ಬರ್ ಹಾಲು ಇಳಿಸುವುದು ಬೆಳಕು ಹರಿಯುವ ಹೊತ್ತಿನ ಕೆಲಸ. ಮಕ್ಕಳು ಎದ್ದು ಶಾಲೆಗೆ ಹೊರಡುವ ಹೊತ್ತಿಗೆ ಹೆತ್ತವರು ತೋಟದಲ್ಲಿರುತ್ತಾರೆ.

ಸರಿ, ಫೋನ್ ಯಾವಾಗ ಬಂತು? ಅದಕ್ಕೆ ಮೊದಲು ರೊಟ್ಟಿ ಬಂತು. ಸಿರಿಯಾದ ಯುದ್ಧದ ಕಾಲ. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಲಾ ಎಲ್-ಖಾನಿ, ರೇಚಲ್ ಕ್ಯಾಲಮ್ ಮತ್ತು ಸಂಗಡಿಗರು ನಿರಾಶ್ರಿತ ಶಿಬಿರಗಳ ತಾಯಂದಿರನ್ನು ಮಾತಾಡಿಸಿದರು. ಊಟ, ಬಟ್ಟೆಯ ಜೊತೆಗೆ ಆ ತಾಯಂದಿರು ಇನ್ನೊಂದನ್ನೂ ಕೇಳಿದರು: ಹೆದರಿದ ಮಗುವನ್ನು ಹೇಗೆ ಸಂಭಾಳಿಸಬೇಕು, ಯಾರಾದರೂ ಹೇಳಿಕೊಡಿ. ಆದರೆ ಗುಂಡು ಹಾರುವ ಊರಿಗೆ ತರಬೇತುದಾರರು ಹೋಗುವುದು ಹೇಗೆ? ದಿನವೂ ಹೋಗುವ ವಸ್ತು ಒಂದೇ, ಬೇಕರಿಯ ರೊಟ್ಟಿ. ರೊಟ್ಟಿಯ ಕಟ್ಟಿನೊಳಗೆ ಒಂದು ಕರಪತ್ರ, ಒಂದು ಪ್ರಶ್ನಾವಳಿ ಇಟ್ಟು 3000 ಪ್ರತಿ ಹಂಚಿದರು. ಮಗುವಿನ ಭಯ, ಹಠ, ಹಾಸಿಗೆ ಒದ್ದೆಯಾಗುವುದು ಇವೆಲ್ಲ ಸಹಜ. ಬೈಯಬೇಡಿ, ಅಪ್ಪಿಕೊಳ್ಳಿ, ಆಡಲು ಬಿಡಿ, ದಿನಚರಿ ಆದಷ್ಟು ಒಂದೇ ರೀತಿ ಇರಲಿ, ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ ಎನ್ನುವಂಥ ಮಾತುಗಳು. ಮನೆ ಮಠ ಕಳೆದುಕೊಂಡ ಜನ ಅರ್ಧಕ್ಕಿಂತ ಹೆಚ್ಚು ಪ್ರಶ್ನಾವಳಿಗಳನ್ನು ತುಂಬಿ ವಾಪಸ್ ಕಳಿಸಿದರು. ಈ ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಅತಿ ಹೆಚ್ಚು ತಟ್ಟಿದ್ದು ಇದೇ. ಕೇಳುವವರು ಸಿಗಲಿ ಎಂದು ಆ ತಾಯಂದಿರು ಎಷ್ಟು ಕಾದಿದ್ದರು ನೋಡಿ.

ಆಮೇಲೆ ಬಂತು 2020. ಕೊರೊನಾ ಇಡೀ ಲೋಕದ ಬಾಗಿಲು ಹಾಕಿಸಿದಾಗ ಮುಖಾಮುಖಿ ತರಬೇತಿಗಳೆಲ್ಲ ನಿಂತವು. ಆಗ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ ಪಾಲಕರಿಗೆ ಒಂದೊಂದೇ ಪುಟದ ಸಲಹೆಗಳನ್ನು ಮಾಡಿದರು. ಅವು 100ಕ್ಕೂ ಹೆಚ್ಚು ಭಾಷೆಗಳಿಗೆ ಹೋದವು. ಮುಂದೆ ಇದೇ ಪಾಠಗಳನ್ನು ಸಣ್ಣ ಸಣ್ಣ ಸಂದೇಶಗಳಾಗಿ ಮೊಬೈಲಿಗೆ ಕಳಿಸುವ ಪೇರೆಂಟ್‌ಟೆಕ್ಸ್ಟ್ ಎಂಬ ಚಾಟ್‌ಬಾಟ್ ಬಂತು. ಲೆಬನಾನಿನಲ್ಲಿದ್ದ ಸಿರಿಯಾದ ಮಕ್ಕಳಿಗೆ ಅಹ್ಲನ್ ಸಿಮ್‌ಸಿಮ್ ಕಾರ್ಯಕ್ರಮದವರು ಫೋನಿನಲ್ಲೇ 11 ವಾರಗಳ ಪೂರ್ವಪ್ರಾಥಮಿಕ ಪಾಠ ನಡೆಸಿದರು. ಶಿಕ್ಷಕಿ ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡುತ್ತಿದ್ದರು, ಮನೆಯಲ್ಲಿ ಮಗುವಿನ ಪಕ್ಕ ಕೂತು ಮಾಡಿಸುತ್ತಿದ್ದವರು ಅಮ್ಮನೋ ಅಪ್ಪನೋ. ಶಾಲೆಯಲ್ಲಿ ಒಂದು ವರ್ಷ ಕಲಿತರೆ ಆಗುವಷ್ಟು ಪ್ರಗತಿ ಕಂಡಿತು ಎಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಧ್ಯಯನ 2023ರಲ್ಲಿ ಹೇಳಿತು. ಫೋನು ರೊಟ್ಟಿಯ ಕಟ್ಟಿನಂತೆಯೇ ಬರೀ ಸಾಗಿಸುವ ಸಾಧನ. ಫಲ ಕೊಟ್ಟಿದ್ದು ಆ ಕಡೆ ಹೆಸರು ಹಿಡಿದು ಮಾತಾಡಿಸುತ್ತಿದ್ದ ಶಿಕ್ಷಕಿ, ಈ ಕಡೆ ಪಕ್ಕದಲ್ಲಿ ಕೂತ ತಾಯಿ.

ಬೈಲುಕುಪ್ಪೆಯ ಕಥೆಗೂ ಫೋನು ಸೇರಿಕೊಂಡಿದೆ. ಹೊಲದಿಂದಷ್ಟೇ ಹೊಟ್ಟೆ ತುಂಬದೆ ಅಲ್ಲಿನ ಅನೇಕ ದಂಪತಿಗಳು ಪ್ರತಿ ಚಳಿಗಾಲ ಸ್ವೆಟರ್ ಮಾರಲು ಬೇರೆ ಬೇರೆ ಊರುಗಳಿಗೆ ಹೋಗುತ್ತಾರೆ, ತಿಂಗಳುಗಟ್ಟಲೆ ಇರುತ್ತಾರೆ. ಇನ್ನು ಕೆಲವರು ವಿದೇಶಕ್ಕೆ ಹೋಗಿ ನೆಲೆಸಿದ್ದಾರೆ. ಮಕ್ಕಳು ಹಾಸ್ಟೆಲಿನಲ್ಲಿ ಅಥವಾ ಅಜ್ಜಿ ತಾತನ ಹತ್ತಿರ. ಅಪ್ಪ ಅಮ್ಮನ ಮುಖ ವಿಡಿಯೋ ಕರೆಯಲ್ಲಿ. ಟಿಬೆಟಿನೊಳಗೇ ಉಳಿದ ನೆಂಟರ ಜೊತೆ ಮಾತಾಡಲು ಇವರು ಹೆಚ್ಚಾಗಿ ನೆಚ್ಚಿಕೊಂಡಿದ್ದು ವೀಚಾಟ್ ಎಂಬ ಆ್ಯಪ್. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇತ್ತು. ದೇಶದ ಭದ್ರತೆಯ ಕಾರಣ ಸರ್ಕಾರಕ್ಕಿತ್ತು. ಆದರೆ ಇದರಿಂದ ಎಷ್ಟೋ ಮನೆಗಳಲ್ಲಿ ಮೊಮ್ಮಗು ಮತ್ತು ಅಜ್ಜಿಯ ನಡುವಿನ ದಾರಿ ಮುಚ್ಚಿಹೋಯಿತು. ಒಂದೇ ಕಂಪನಿಯ ಆ್ಯಪ್ ಮೇಲೆ ಈ ಆಸರೆಯನ್ನೆಲ್ಲ ನಿಲ್ಲಿಸಬಾರದು ಎಂದು ನಾನು ಹೇಳುವುದು ಇದನ್ನು ಕಂಡೇ.

ಅದೇ ವರ್ಷ ಲಾಕ್‌ಡೌನ್ ಆದಾಗ ನಮ್ಮ ಬೆಂಗಳೂರಿನಿಂದಲೂ ಜನ ನಡೆದು ಹೊರಟರು. ಮೇ ಮೊದಲ ವಾರದಲ್ಲಿ ವಲಸೆ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ಒಮ್ಮೆ ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಓಡಿಸಿತು. ಗಡಿ ದಾಟದಿದ್ದರೂ ಕಂಕುಳಲ್ಲಿ ಮಗು ಹೊತ್ತು ಹೆದ್ದಾರಿಯಲ್ಲಿ ನಡೆದವರು ನೆಲೆ ತಪ್ಪಿದವರೇ. ಮಾರ್ಚ್ ಕೊನೆಗಾಗಲೇ ನಿಮ್ಹಾನ್ಸ್ ಮಾನಸಿಕ ನೆರವಿನ ಸಹಾಯವಾಣಿ ಶುರು ಮಾಡಿತ್ತು. 2022ರ ಅಕ್ಟೋಬರ್ 10ರಂದು ಇಡೀ ದೇಶಕ್ಕೆ ಟೆಲಿ-ಮಾನಸ್ ಸಹಾಯವಾಣಿ ಬಂತು. ಅದರ ಮುಖ್ಯ ಕೇಂದ್ರವೂ ನಿಮ್ಹಾನ್ಸ್.

ಈಗ ಚಿಂತಾಮಣಿ ತಾಲ್ಲೂಕಿನ ನಮ್ಮ ಅಂಬಾಜಿದುರ್ಗ ಹೋಬಳಿಗೆ ಬನ್ನಿ. ಇಲ್ಲಿ ಎರಡೂ ಬಗೆಯ ಮನೆಗಳಿವೆ. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ ಅಪ್ಪ ಅಮ್ಮ ಬೆಂಗಳೂರಿಗೆ ಕೂಲಿಗೆ ಹೋದ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಸಾಕುತ್ತಿದ್ದಾರೆ. ಇನ್ನೊಂದು ಕಡೆ ಇಟ್ಟಿಗೆ ಗೂಡು, ಕ್ರಷರ್, ಕೋಳಿ ಫಾರಂ, ಟೊಮೆಟೊ ಮಂಡಿಗಳಿಗೆ ದೂರದಿಂದ ಬಂದ ದಂಪತಿಗಳು ಮಕ್ಕಳನ್ನು ಜೊತೆಗೇ ಇಟ್ಟುಕೊಂಡಿದ್ದಾರೆ. 2023ರಲ್ಲಿ ರಾಜ್ಯ ಸರ್ಕಾರ 4000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ಇದು ನಿಜಕ್ಕೂ ಒಳ್ಳೆಯ ಯೋಜನೆ. ಆದರೆ ಜಾಬ್ ಕಾರ್ಡು ಸ್ವಂತ ಊರಿನ ಪಂಚಾಯಿತಿಯದ್ದು. ರಾಯಚೂರಿನಿಂದಲೋ ಬಿಹಾರದಿಂದಲೋ ಬಂದು ಇಲ್ಲಿ ಇಟ್ಟಿಗೆ ಹೊರುವ ತಾಯಿಗೆ ಇಲ್ಲಿ ಆ ಕಾರ್ಡಿಲ್ಲ. ಕೂಸಿನ ಮನೆಯ ಬಾಗಿಲು ಮೊದಲು ತೆರೆಯಬೇಕಾದದ್ದು ಇಂಥವಳಿಗೆ.

ಫೋನೇ ಎಲ್ಲವನ್ನೂ ಮಾಡುತ್ತದೆ ಎಂದು ನಂಬಬೇಡಿ. ಬಡ ಮನೆಗಳಲ್ಲಿ ಎಷ್ಟೋ ಕಡೆ ಇರುವುದು ಒಂದೇ ಫೋನು. ಅದು ಗಂಡನ ಜೇಬಿನಲ್ಲಿರುತ್ತದೆ. ರಾತ್ರಿ ಅವನು ಬಂದ ಮೇಲೆ ತಾಯಿಯ ಕೈಗೆ ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ, ಅಥವಾ ಮಗು ವಿಡಿಯೋ ನೋಡುತ್ತಿರುತ್ತದೆ. ಓದು ಬಾರದವಳಿಗೆ ಉದ್ದುದ್ದ ಮೆಸೇಜ್ ಕಳಿಸಿ ಫಲವಿಲ್ಲ. ಒಂದು ನಿಮಿಷದ ಧ್ವನಿ ಸಂದೇಶ ಸಾಕು, ಅದೂ ಅವಳ ಮನೆಮಾತಿನಲ್ಲಿ. ಹಗಲಿನಲ್ಲಿ ಮಾಡಿದ ಕರೆಯನ್ನು ಅವಳು ಎತ್ತಲಾರಳು, ಸಂಜೆ ಏಳರ ಮೇಲೆ ಮಾಡಬೇಕು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಗಂಡನ ಫೋನಿನಲ್ಲಿ ಅವಳು ಬಾಯಿ ಬಿಡುವುದಿಲ್ಲ. ಅಲ್ಲಿಗೆ ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ನಡೆದೇ ಹೋಗಬೇಕು.

ನಿಮ್ಮೂರಿನ ಗೂಡು, ಕ್ರಷರ್, ಫಾರಂಗಳಲ್ಲಿ ಇಂಥ ಸಂಸಾರ ಇದ್ದರೆ ಈ ಎರಡು ನಂಬರ್ ಬರೆದುಕೊಡಿ. ಟೆಲಿ-ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ. ಕನ್ನಡ, ತೆಲುಗು, ಹಿಂದಿ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಮಗು ಅಪಾಯದಲ್ಲಿದ್ದರೆ 1098. ಮೊದಲ ಸಲ ಕರೆ ಮಾಡಲು ಆ ತಾಯಿಗೆ ಸಂಕೋಚವಾದರೆ ನಿಮ್ಮ ಫೋನಿನಿಂದಲೇ ಹಚ್ಚಿ, ಭಾಷೆ ಯಾವುದೆಂದು ಆರಿಸಿ, ಅವಳ ಕೈಗೆ ಕೊಟ್ಟು ಸ್ವಲ್ಪ ದೂರ ಹೋಗಿ ನಿಲ್ಲಿ.