ನಿನ್ನೆಯ ನೀರು ಹಳಸುವುದಿಲ್ಲ
(ಶತಮಾನೋತ್ಸವದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ನನಗಿಂತ ಮೊದಲು ಮಾತನಾಡಿದವರು ಸೊಗಸಾಗಿ ವಿವರಿಸಿದ್ದಾರೆ. ನಾನು ನಿಮ್ಮ ಅಡಿಗೆಮನೆ ಮತ್ತು ಬಚ್ಚಲುಮನೆಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಇದು ಗುರುಗಳು ಆಡತಕ್ಕ ಮಾತೇ ಎಂದು ಕೆಲವರು ಕೇಳಿಯಾರು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ಎಂಬ ವಿಶ್ವಪತ್ರದಲ್ಲಿ ನೀರಿನ ಮಿತಬಳಕೆ, ಉಣ್ಣುವಷ್ಟನ್ನೇ ಬೇಯಿಸುವುದು, ಕಸವನ್ನು ಬೇರ್ಪಡಿಸುವುದು, ಬೇಡದ ದೀಪವನ್ನು ಆರಿಸುವುದು ಇವುಗಳನ್ನೆಲ್ಲ ಒಂದೊಂದಾಗಿ ಹೆಸರಿಸಿದ್ದಾರೆ. ಅವರಿಗೆ ಸಣ್ಣದೆನಿಸದ ವಿಷಯ ನನಗೂ ಸಣ್ಣದಲ್ಲ.

ಬಳ್ಳಾರಿ ನಗರವಾಗಲಿ, ಸಿರುಗುಪ್ಪ, ಕುರುಗೋಡುಗಳಾಗಲಿ, ನಮ್ಮೆಲ್ಲರ ಬದುಕು ತುಂಗಭದ್ರೆಯ ಕೃಪೆಯಲ್ಲಿದೆ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದರ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ತುಂಬಿ ನಿಂತಿದ್ದ ನೀರು ಹೊಳೆಯ ಪಾಲಾಗುತ್ತಿದ್ದಾಗ ರೈತರು ಪಟ್ಟ ಸಂಕಟವನ್ನು ನಾವು ಕಂಡೆವು. ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಕೂಡಿಸಲಾಯಿತು. ಆದರೆ ನಮ್ಮ ಮನೆಯೊಳಗಿನ ಗೇಟುಗಳನ್ನು ಕೂಡಿಸಲು ಯಾವ ಇಂಜಿನಿಯರೂ ಬರುವುದಿಲ್ಲ.

ನಲ್ಲಿಯಲ್ಲಿ ನಿತ್ಯವೂ ನೀರು ಬಾರದ ಓಣಿಗಳಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. ಹೊಸ ನೀರು ಬಂದಿತೆಂಬ ಸಡಗರದಲ್ಲಿ ಕೊಡ, ಡ್ರಮ್ಮುಗಳಲ್ಲಿದ್ದ ಹಳೆಯ ನೀರನ್ನು ಮೋರಿಗೆ ಚೆಲ್ಲುತ್ತಾರೆ. ಎರಡು ನೀರೂ ಅದೇ ಕಾಲುವೆಯಿಂದ ಬಂದದ್ದಲ್ಲವೇ? ಮುಚ್ಚಿಟ್ಟ ನೀರು ಅನ್ನದಂತೆ ಹಳಸುವುದಿಲ್ಲ. ಸೊಳ್ಳೆಗಳು ಹುಟ್ಟದಂತೆ ವಾರಕ್ಕೊಮ್ಮೆ ಡ್ರಮ್ಮನ್ನು ಉಜ್ಜಿ ತೊಳೆಯಲೇಬೇಕು. ಆಗ ಉಳಿದ ನೀರು ನೆಲ ಒರೆಸಲು, ಗಿಡದ ಬುಡಕ್ಕೆ ಹೋಗಲಿ. ಅನುಕೂಲವುಳ್ಳವರ ಮನೆಯಲ್ಲಿ ಆರ್.ಓ. ಯಂತ್ರವಿರುತ್ತದೆ. ಅದು ಒಂದು ಕೊಡ ಕುಡಿಯುವ ನೀರನ್ನು ಕೊಡಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ನೀರನ್ನು ಹೊರಹಾಕುತ್ತದೆ. ಆ ಕೊಳವೆಯ ಕೆಳಗೊಂದು ಬಕೆಟ್ ಇಡಿ. ಶೌಚಾಲಯಕ್ಕೆ ಆ ನೀರು ಸಾಕು. ಕ್ಷಣಕ್ಕೊಂದು ಹನಿ ಸೋರುವ ನಲ್ಲಿಯು ದಿನಕ್ಕೆ 86,400 ಹನಿಗಳನ್ನು, ಅಂದರೆ ನಾಲ್ಕು ಲೀಟರಿಗೂ ಮಿಕ್ಕಿದ ನೀರನ್ನು ಕಳೆಯುತ್ತದೆ. ಅದಕ್ಕೆ ಹಾಕುವ ವಾಷರಿನ ಬೆಲೆ ಒಂದು ಲೋಟ ಚಹದಷ್ಟೂ ಇರಲಾರದು.

ತಾಯಂದಿರಿಗೆ ನಾನು ಹೆಚ್ಚು ಹೇಳಬೇಕಾದದ್ದಿಲ್ಲ. ಕೊಡ ಹೊತ್ತವರಿಗೆ ನೀರಿನ ತೂಕ ಗೊತ್ತು. ನಲ್ಲಿಯನ್ನು ತೆರೆದಿಟ್ಟು ಗಡ್ಡ ಕೆರೆದುಕೊಳ್ಳುವ ಯಜಮಾನರೇ ನನ್ನ ಮಾತನ್ನು ಗಮನವಿಟ್ಟು ಕೇಳಬೇಕು.

ಇನ್ನು ಅನ್ನದ ವಿಷಯ. ಸಿರುಗುಪ್ಪದ ಗದ್ದೆಗಳನ್ನು ಬಲ್ಲ ನಮಗೆ ಭತ್ತ ಎಷ್ಟು ನೀರು ಕುಡಿಯುತ್ತದೆಂದು ಹೊರಗಿನವರು ಹೇಳಬೇಕಿಲ್ಲ. ಒಂದು ಕಿಲೋ ಭತ್ತಕ್ಕೆ ಸರಾಸರಿ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಮದುವೆಯ ಊಟದಲ್ಲಿ ಎಲೆಯ ಮೇಲೆ ಬಿಟ್ಟೇಳುವ ಒಂದೊಂದು ಹಿಡಿ ಅನ್ನದೊಡನೆ ನಾವು ಕೊಡಗಟ್ಟಲೆ ತುಂಗಭದ್ರೆಯನ್ನು ಚೆಲ್ಲುತ್ತೇವೆ. ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಭುವು ಉಳಿದ ತುಣುಕುಗಳನ್ನು ಕೂಡಿಸಿಡಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ರೊಟ್ಟಿಯನ್ನು ಹೆಚ್ಚಿಸಬಲ್ಲವರೇ ತುಣುಕನ್ನು ಲೆಕ್ಕಕ್ಕೆ ಹಿಡಿದರು.

ಸ್ನಾನದ ಹಂಡೆಯ ಒಲೆಗೆ ಪ್ಲಾಸ್ಟಿಕ್ ಚೀಲಗಳನ್ನು ಹಾಕಿ ಉರಿ ಹೊತ್ತಿಸುವ ಪದ್ಧತಿಯನ್ನು ಇಂದೇ ಬಿಡಿ. ಆ ಹೊಗೆ ವಿಷ. ಅದನ್ನು ಮೊದಲು ಸೇವಿಸುವವರು ಒಲೆಯ ಮುಂದೆ ಕೂತ ಅಜ್ಜಿ, ಮೊಮ್ಮಕ್ಕಳು.

ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ರಾಜ್ಯ ಸರ್ಕಾರವು 2016ರಲ್ಲಿಯೂ ಕೇಂದ್ರ ಸರ್ಕಾರವು 2022ರ ಜುಲೈ 1ರಿಂದಲೂ ನಿಷೇಧಿಸಿವೆ. ಆದಕಾರಣ ಇಂದಿನ ಭೋಜನಕ್ಕೆ ಸ್ಟೀಲ್ ತಟ್ಟೆಗಳನ್ನಿಡಲಾಗಿದೆ. ತೊಳೆಯಲು ನೀರು ಬೇಡವೇ ಎಂದು ಯುವಕರು ನನ್ನನ್ನು ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಹರಿಯುವ ನಲ್ಲಿಯ ಕೆಳಗೆ ತೊಳೆದರೆ ಬಹಳ ಬೇಕು, ತೊಟ್ಟಿಯಲ್ಲಿ ಅದ್ದಿ ತೊಳೆದರೆ ಸ್ವಲ್ಪವೇ ಸಾಕು. ಭೋಜನಶಾಲೆಯ ಹಿಂದೆ ಮೂರು ತೊಟ್ಟಿಗಳನ್ನು ಇಡಿಸಿದ್ದೇನೆ. ಉಂಡವರು ತಂತಮ್ಮ ತಟ್ಟೆಗಳನ್ನು ಅಲ್ಲಿಯೇ ತೊಳೆದಿಡಬೇಕು, ಯಜಮಾನರೂ ಸಹ.